ವಿದ್ಯಾರ್ಥಿಗಳ ಸಾಮಾಜಿಕ-ಆರ್ಥಿಕ ಹಿನ್ನೆಲೆ ಅಳೆಯುವುದು ಹೇಗೆ: ಪ್ರಶ್ನೆ ಬರೆಯುವುದರಿಂದ ಸೂಚ್ಯಂಕ ಕಟ್ಟುವವರೆಗೆ

ಎಂ.ಎಡ್., ಪಿಎಚ್.ಡಿ. ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಎಡವಟ್ಟಿದೆ. ಸಂಶೋಧಕರು ಸರ್ಕಾರಿ ಪ್ರೌಢಶಾಲೆಗಳಿಂದ ಮುನ್ನೂರು ನಾನ್ನೂರು ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಸಿದ್ಧ ಮಾಪನಿಯೊಂದನ್ನು (ಉತ್ತರಗಳಿಗೆ ಅಂಕ ಕೊಡುವ ಪ್ರಶ್ನಾವಳಿ) ತಂದು ಹಂಚುತ್ತಾರೆ, ಅಂಕ ಕೂಡಿಸುತ್ತಾರೆ. ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ಒಂದೇ ವರ್ಗದಲ್ಲಿ ಬಂದು ಕೂರುತ್ತಾರೆ. ಆಮೇಲೆ ‘ಸಾಮಾಜಿಕ-ಆರ್ಥಿಕ ಹಿನ್ನೆಲೆಗೂ ಕಲಿಕಾ ಸಾಧನೆಗೂ ಸಾರ್ಥಕ ಸಂಬಂಧ ಕಂಡುಬಂದಿಲ್ಲ’ ಎಂದು ಬರೆಯುತ್ತಾರೆ. ಅಳತೆಪಟ್ಟಿಯಲ್ಲಿ ಗೆರೆಗಳೇ ಇಲ್ಲದಿದ್ದರೆ ಸಂಬಂಧ ಕಾಣುವುದಾದರೂ ಎಲ್ಲಿಂದ?

ಇದನ್ನು ತಪ್ಪಿಸಲು ಮೂರು ಸಂಗತಿಗಳು ನೆನಪಿರಲಿ. ನಿಮ್ಮ ಮಾದರಿಯೊಳಗೇ (ಅಧ್ಯಯನಕ್ಕೆ ಆರಿಸಿಕೊಂಡ ಗುಂಪಿನೊಳಗೇ) ಮಕ್ಕಳನ್ನು ಬೇರ್ಪಡಿಸಬಲ್ಲ ಪ್ರಶ್ನೆಗಳು ಬೇಕು. ಮಗುವಿಗೆ ನಿಜಕ್ಕೂ ಉತ್ತರ ಗೊತ್ತಿರುವ ಪ್ರಶ್ನೆಗಳು ಬೇಕು. ಶಿಕ್ಷಣ, ಉದ್ಯೋಗ, ಆಸ್ತಿ ಈ ಮೂರನ್ನೂ ಕೊನೆಯ ಹಂತದವರೆಗೆ ಬೇರೆಬೇರೆಯಾಗಿಯೇ ಕಾಯ್ದುಕೊಳ್ಳಬೇಕು. ಕೆಳಗಿನ ಹಂತಗಳು ಕರ್ನಾಟಕದ 8ರಿಂದ 10ನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಹಂತಗಳ ಕ್ರಮ ಬದಲಿಸಬೇಡಿ. ದತ್ತಾಂಶ ಕೈಗೆ ಬಂದ ಮೇಲೆ ಹಿಂದಿನ ಹಂತಕ್ಕೆ ಮರಳಲು ಆಗುವುದಿಲ್ಲ.

ಶುರುವಿಗೆ ಮುನ್ನ ಕೈಯಲ್ಲಿರಬೇಕಾದವು

ರಾಷ್ಟ್ರೀಯ ಉದ್ಯೋಗ ವರ್ಗೀಕರಣ 2015ರ ಪಟ್ಟಿ (ಎನ್‌ಸಿಒ), ಒಂದು ಕೋಡ್ ಪುಸ್ತಕ, ಎಕ್ಸೆಲ್, ಜೊತೆಗೆ ಆರ್, ಜಾಮೋವಿ ಅಥವಾ ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಗಳಲ್ಲಿ ಯಾವುದಾದರೂ ಒಂದು. ಕೋಡ್ ಪುಸ್ತಕವೆಂದರೆ ನೋಟ್ ಪುಸ್ತಕವೇ ಸಾಕು. ‘ಇಂಥ ಉತ್ತರ ಬಂದರೆ ಇಂಥ ಸಂಖ್ಯೆ’ ಎಂದು ನೀವು ಮಾಡಿದ ಪ್ರತಿ ತೀರ್ಮಾನವೂ ತಾರೀಖಿನೊಂದಿಗೆ ಅದರಲ್ಲಿ ಇರಬೇಕು. ಬಿಇಒ ಅಥವಾ ಡಿಡಿಪಿಐ ಕಚೇರಿಯ ಅನುಮತಿ ಪತ್ರ ಮತ್ತು ಪೋಷಕರ ಒಪ್ಪಿಗೆ ಪತ್ರ ಮೊದಲೇ ಸಿದ್ಧವಾಗಲಿ. ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿ, ಒಂದೇ ಪುಟದಲ್ಲಿರಲಿ. ಓದಲು ಬಾರದ ಪೋಷಕರಿಗೆ ಅದನ್ನು ಓದಿ ಹೇಳುವ ವ್ಯವಸ್ಥೆಯೂ ಇರಲಿ.

ಹಂತ 1: ಏನನ್ನು ಅಳೆಯುತ್ತಿದ್ದೀರಿ ಎಂದು ಒಂದು ಸಾಲಿನಲ್ಲಿ ಬರೆಯಿರಿ

‘ಬಡತನ’, ‘ಮನೆಯ ಓದಿನ ವಾತಾವರಣ’, ‘ಸಾಮಾಜಿಕ ಸ್ಥಾನ’ ಮೂರೂ ಬೇರೆಬೇರೆ. ಶುಲ್ಕ ಕಟ್ಟಲಾಗದೆ ಮಕ್ಕಳು ಶಾಲೆ ಬಿಡುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆಯಾದರೆ ಆಸ್ತಿ ಮತ್ತು ಆದಾಯ ಮುಖ್ಯ. ಮನೆಯಲ್ಲಿ ಪಾಠ ಹೇಳಿಕೊಡುವವರಿದ್ದಾರೆಯೇ ಎಂಬುದು ಪ್ರಶ್ನೆಯಾದರೆ ತಾಯಿಯ ಓದು ಮುಖ್ಯ. ಸಾಮಾನ್ಯ ಹಿನ್ನೆಲೆಯ ಪ್ರಭಾವವನ್ನು ನಿಯಂತ್ರಿಸಿ ಬೇರೇನನ್ನೋ ಪರೀಕ್ಷಿಸುವುದಿದ್ದರೆ ಶಿಕ್ಷಣ, ಉದ್ಯೋಗ, ಆಸ್ತಿ ಮೂರೂ ಬೇಕು. 15 ವರ್ಷದ ಮಕ್ಕಳ ಕಲಿಕೆಯನ್ನು ಹಲವು ದೇಶಗಳಲ್ಲಿ ಅಳೆಯುವ ಪಿಸಾ ಸಮೀಕ್ಷೆ ತನ್ನ ಸೂಚ್ಯಂಕವನ್ನು ಕಟ್ಟುವುದೂ ಈ ಮೂರರಿಂದಲೇ: ತಂದೆತಾಯಿಯರಲ್ಲಿ ಹೆಚ್ಚು ಓದಿದವರ ಶಿಕ್ಷಣದ ವರ್ಷಗಳು, ಇಬ್ಬರಲ್ಲಿ ಮೇಲಿನ ಉದ್ಯೋಗದ ಸ್ಥಾನಾಂಕ (ಉದ್ಯೋಗದ ಸಾಮಾಜಿಕ-ಆರ್ಥಿಕ ಸ್ಥಾನ ತೋರಿಸುವ ಅಂಕ), ಮನೆಯಲ್ಲಿರುವ ವಸ್ತುಗಳು.

ಜಾತಿಯನ್ನು ಈ ಮೊತ್ತಕ್ಕೆ ಸೇರಿಸಬೇಡಿ. 1964ರ ಪಾರೀಕ್ ಗ್ರಾಮೀಣ ಮಾಪನಿ ಜಾತಿಗೂ ಅಂಕ ಕೊಡುತ್ತದೆ. ಹಾಗೆ ಕೂಡಿಸಿದ ಮೇಲೆ, ಒಂದೇ ಆರ್ಥಿಕ ಮಟ್ಟದ ಎರಡು ಸಮುದಾಯಗಳ ಮಕ್ಕಳ ನಡುವೆ ಅಂತರವಿದೆಯೇ ಎಂಬ ಪ್ರಶ್ನೆಯನ್ನೇ ಕೇಳಲಾಗದು. ನಮ್ಮ ಸಮಾಜದಲ್ಲಿ ಅದೇ ಮುಖ್ಯ ಪ್ರಶ್ನೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಸಾಮಾನ್ಯ ಎಂಬ ವಿವರ ಶಾಲಾ ದಾಖಲೆಯಲ್ಲಿ ಇದ್ದೇ ಇರುತ್ತದೆ. ಅಲ್ಲಿಂದ ಅನುಮತಿ ಪಡೆದು ತೆಗೆದುಕೊಳ್ಳಿ, ಪ್ರತ್ಯೇಕ ಚರಾಂಶವಾಗಿ (ವೇರಿಯಬಲ್) ಇಡಿ. ಮಗುವಿನ ಬಾಯಲ್ಲಿ ಜಾತಿ ಹೇಳಿಸುವ ಅಗತ್ಯವೇ ಇಲ್ಲ.

ಹಂತ 2: ಸಿದ್ಧ ಮಾಪನಿಯೋ, ನೀವೇ ಕಟ್ಟುವುದೋ?

ಕುಪ್ಪುಸ್ವಾಮಿ ಮಾಪನಿ (1976) ನಗರದ ಕುಟುಂಬಗಳಿಗಾಗಿ ಮಾಡಿದ್ದು. ಕುಟುಂಬದ ಯಜಮಾನರ ಶಿಕ್ಷಣಕ್ಕೆ ಗರಿಷ್ಠ 7, ಉದ್ಯೋಗಕ್ಕೆ 10, ಕುಟುಂಬದ ಮಾಸಿಕ ಆದಾಯಕ್ಕೆ 12, ಒಟ್ಟು 29 ಅಂಕ. ವರ್ಗಗಳು ಐದು: 26–29 ಮೇಲ್ವರ್ಗ, 16–25 ಮೇಲ್ಮಧ್ಯಮ, 11–15 ಕೆಳಮಧ್ಯಮ, 5–10 ಮೇಲ್ಕೆಳವರ್ಗ, 5ಕ್ಕಿಂತ ಕಡಿಮೆ ಕೆಳವರ್ಗ. ಆಸ್ಪತ್ರೆಗೆ ಬರುವ ಎಲ್ಲ ತರಹದ ರೋಗಿಗಳನ್ನು ವಿಂಗಡಿಸಲು ಇದು ನಡೆಯುತ್ತದೆ. ಒಂದೇ ತಾಲೂಕಿನ ಸರ್ಕಾರಿ ಶಾಲೆಯ ಮಕ್ಕಳನ್ನು ಬೇರ್ಪಡಿಸಲು ಇದರ ಜರಡಿಯ ತೂತು ತೀರ ದೊಡ್ಡದು.

ಬಿ.ಜಿ. ಪ್ರಸಾದ್ ವರ್ಗೀಕರಣ (1961) ತಲಾ ಮಾಸಿಕ ಆದಾಯವನ್ನಷ್ಟೇ ನೋಡುತ್ತದೆ. ಮೂಲ ಗಡಿಗಳು 100, 50, 30 ಮತ್ತು 15 ರೂಪಾಯಿ. ಇದನ್ನು ಇಂದಿನ ಬೆಲೆಗೆ ಏರಿಸುವಲ್ಲಿ ಬಹಳ ಮಂದಿ ತಪ್ಪುತ್ತಾರೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ಆಧಾರ ವರ್ಷ ಈಗ 2016. ಅದನ್ನು 2001ರ ಸರಣಿಗೆ ತರಲು 2.88ರಿಂದ, ಅಲ್ಲಿಂದ 1982ಕ್ಕೆ 4.63ರಿಂದ, ಅಲ್ಲಿಂದ 1960ಕ್ಕೆ 4.93ರಿಂದ ಗುಣಿಸಬೇಕು. ಕೊನೆಗೆ 100ರಿಂದ ಭಾಗಿಸಬೇಕು. ಲೆಕ್ಕ ತೋರಿಸಲು ಸೂಚ್ಯಂಕ 130 ಇದೆ ಎಂದಿಟ್ಟುಕೊಳ್ಳೋಣ: 130 × 2.88 × 4.63 × 4.93 ÷ 100 = 85.46. ಆಗ 100 ರೂಪಾಯಿಯ ಗಡಿ 8,546 ಆಗುತ್ತದೆ, 50ರದ್ದು 4,273, 30ರದ್ದು 2,564, 15ರದ್ದು 1,282. ನಿಮ್ಮ ದತ್ತಾಂಶ ಸಂಗ್ರಹಿಸಿದ ತಿಂಗಳ ಸೂಚ್ಯಂಕವನ್ನೇ ಹಾಕಿ. 2.88 ಬಿಟ್ಟರೆ ಗಡಿಗಳು ಮೂರನೇ ಒಂದು ಭಾಗದಷ್ಟಕ್ಕೆ ಕುಸಿದು, ಕೂಲಿಕಾರರ ಮಕ್ಕಳೂ ‘ಮೇಲ್ವರ್ಗ’ಕ್ಕೆ ಸೇರುತ್ತಾರೆ. ಇಂಥ ಕೋಷ್ಟಕ ಕಂಡರೆ ಗುಣಕದಲ್ಲೇ ತಪ್ಪಿದೆ ಎಂದು ತಿಳಿಯಿರಿ.

ಮಾದರಿಯಲ್ಲಿ ಸರ್ಕಾರಿ, ಅನುದಾನಿತ, ಅನುದಾನರಹಿತ ಮೂರೂ ಬಗೆಯ ಶಾಲೆಗಳಿದ್ದು, ಸ್ಥೂಲ ವಿಂಗಡಣೆ ಸಾಕೆನಿಸಿದರೆ ಸಿದ್ಧ ಮಾಪನಿ ಬಳಸಿ. ಉಳಿದೆಲ್ಲ ಸಂದರ್ಭಗಳಲ್ಲಿ ನೀವೇ ಕಟ್ಟುವುದು ವಾಸಿ. ಅದಕ್ಕೆ ಮುಂದಿನ ಹಂತಗಳು.

ಹಂತ 3: ಮಗು ಉತ್ತರಿಸಬಲ್ಲ ಪ್ರಶ್ನೆ, ಪೋಷಕರನ್ನೇ ಕೇಳಬೇಕಾದ ಪ್ರಶ್ನೆ ಎಂದು ಬೇರ್ಪಡಿಸಿ

ಮನೆಯಲ್ಲಿ ಫ್ರಿಜ್ ಇದೆಯೇ, ಎಷ್ಟು ಕೋಣೆ, ಅಪ್ಪ ಏನು ಕೆಲಸ ಮಾಡುತ್ತಾರೆ ಎಂಬುದನ್ನು ಪ್ರೌಢಶಾಲೆಯ ಮಗು ಸರಿಯಾಗಿಯೇ ಹೇಳುತ್ತದೆ. ತಂದೆತಾಯಿ ಎಷ್ಟು ಓದಿದ್ದಾರೆ ಎಂಬುದಕ್ಕೆ ಅರ್ಧ ಊಹೆ ಬೆರೆಯುತ್ತದೆ. ಆದಾಯದ ಪ್ರಶ್ನೆಗೆ ಬರುವುದು ಬರೀ ಊಹೆ. ಆದ್ದರಿಂದ ಆದಾಯವನ್ನು ಮಕ್ಕಳಿಗೆ ಕೇಳಲೇಬೇಡಿ. ಶಿಕ್ಷಣದ ಪ್ರಶ್ನೆಯನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಮನೆಗೆ ಕಳಿಸಿ, ಕೇಳಿಕೊಂಡು ಬರಲು ಹೇಳಿ. ಇದೊಂದು ಚೀಟಿಯಿಂದಲೇ ‘ಗೊತ್ತಿಲ್ಲ’ ಉತ್ತರಗಳು ಗಣನೀಯವಾಗಿ ಇಳಿಯುತ್ತವೆ. 5, 6ನೇ ತರಗತಿಯ ಮಕ್ಕಳಾದರೆ ವಸ್ತುಗಳ ಪಟ್ಟಿ ಬಿಟ್ಟು ಉಳಿದದ್ದನ್ನೆಲ್ಲ ಪೋಷಕರಿಂದಲೇ ಪಡೆಯಿರಿ.

ಆದಾಯ ಬೇಕೇ ಬೇಕೆಂದಾದರೆ ಪೋಷಕರನ್ನು ಶ್ರೇಣಿಗಳಲ್ಲಿ ಕೇಳಿ. ಬೇಸಾಯದ ಮನೆಗಳಲ್ಲಿ ತಿಂಗಳ ಲೆಕ್ಕ ನಡೆಯುವುದಿಲ್ಲ. ಹಿಂದಿನ ವರ್ಷ ಬೆಳೆ ಮಾರಿ ಖರ್ಚು ಕಳೆದು ಉಳಿದದ್ದೆಷ್ಟು, ಕೂಲಿಯಿಂದ ಎಷ್ಟು, ಹೈನು ಮತ್ತು ಕುರಿಯಿಂದ ಎಷ್ಟು, ಊರು ಬಿಟ್ಟು ದುಡಿಯುವವರು ಕಳಿಸಿದ್ದೆಷ್ಟು, ಪಿಂಚಣಿ ಮತ್ತು ಗೃಹಲಕ್ಷ್ಮಿಯಂಥ ನೇರ ಹಣ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿ ಕೂಡಿಸಿ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅಂಕಿಯನ್ನು ಎತ್ತಿ ಹಾಕಬೇಡಿ. ವಿದ್ಯಾರ್ಥಿವೇತನಕ್ಕೋ ಶುಲ್ಕ ವಿನಾಯಿತಿಗೋ ನಿಗದಿಯಾದ ಮಿತಿಯ ಸ್ವಲ್ಪ ಕೆಳಗೆ ಅಂಕಿಗಳೆಲ್ಲ ಗುಂಪುಗೂಡಿ ನಿಂತಿರುತ್ತವೆ. ಸ್ತಂಭಚಿತ್ರ ಬಿಡಿಸಿದರೆ ನಿಮಗೇ ಕಾಣುತ್ತದೆ.

ಬಿಪಿಎಲ್ ಪಡಿತರ ಚೀಟಿಯ ಕಥೆಯೂ ಇಷ್ಟೇ. ರಾಜ್ಯದ ಬಹುಪಾಲು ಕುಟುಂಬಗಳಲ್ಲಿ ಆ ಚೀಟಿ ಇದೆ, ಸರ್ಕಾರಿ ಶಾಲೆಯ ತರಗತಿಯಲ್ಲಂತೂ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದೆ. ಅಂತ್ಯೋದಯ ಚೀಟಿ ಇದೆಯೇ ಎಂಬುದು ಮಾತ್ರ ತೀರ ಬಡವರನ್ನು ಗುರುತಿಸಲು ಒಂದಿಷ್ಟು ನೆರವಾಗುತ್ತದೆ.

ಹಂತ 4: ಶಿಕ್ಷಣದ ಪ್ರಶ್ನೆ

ತಂದೆಗೊಂದು, ತಾಯಿಗೊಂದು ಪ್ರತ್ಯೇಕ ಪ್ರಶ್ನೆ ಇರಲಿ. ‘ಕುಟುಂಬದ ಯಜಮಾನರ ಶಿಕ್ಷಣ’ ಎಂದು ಕೇಳಿದರೆ ಅವಿಭಕ್ತ ಕುಟುಂಬದ ಮಗು ಅಜ್ಜನ ಓದನ್ನು ಬರೆಯುತ್ತದೆ. ಆಯ್ಕೆಗಳು ನಮ್ಮ ಜನ ಆಡುವ ಮಾತಿನಲ್ಲೇ ಇರಲಿ. ‘ಮಾಧ್ಯಮಿಕ ಪೂರ್ವ ಹಂತ’ ಎಂದರೆ ಯಾರಿಗೂ ಗೊತ್ತಾಗದು. ಕೋಡ್ ಪುಸ್ತಕದಲ್ಲಿ ವರ್ಷಗಳನ್ನು ಹೀಗೆ ನಮೂದಿಸಿ:

ಶಾಲೆಗೆ ಹೋಗಿಲ್ಲ – 0
1ರಿಂದ 9ನೇ ತರಗತಿಯಲ್ಲಿ ನಿಲ್ಲಿಸಿದವರು – ಪಾಸಾದ ಕೊನೆಯ ತರಗತಿ
ಎಸ್ಸೆಸ್ಸೆಲ್ಸಿ ಫೇಲ್ – 9
ಎಸ್ಸೆಸ್ಸೆಲ್ಸಿ ಪಾಸ್ – 10
ಪಿಯುಸಿ ಫೇಲ್ – 11
ಪಿಯುಸಿ ಪಾಸ್, ಅಥವಾ ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಐಟಿಐ – 12
ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ – 13
ಬಿ.ಎ., ಬಿ.ಕಾಂ., ಬಿ.ಎಸ್ಸಿ. – 15
ಬಿ.ಇ. – 16
ಎಂ.ಎ., ಎಂ.ಎಸ್ಸಿ. – 17

‘ಎಸ್ಸೆಸ್ಸೆಲ್ಸಿ ಫೇಲ್’ ಎಂಬ ಆಯ್ಕೆ ಕೊಡದಿದ್ದರೆ ಫೇಲಾದವರೆಲ್ಲ ‘ಎಸ್ಸೆಸ್ಸೆಲ್ಸಿ’ ಎಂದೇ ಗುರುತು ಹಾಕುತ್ತಾರೆ. ನಲವತ್ತು ದಾಟಿದ ಪೋಷಕರಲ್ಲಿ ಇದು ಸಣ್ಣ ಗುಂಪಲ್ಲ. ‘ಗೊತ್ತಿಲ್ಲ’ ಮತ್ತು ‘ತಂದೆ ಇಲ್ಲ’ ಎರಡಕ್ಕೂ ಬೇರೆಬೇರೆ ಚೌಕ ಇಡಿ. ಇವೆರಡರಲ್ಲಿ ಯಾವುದಕ್ಕೂ 0 ಹಾಕಬೇಡಿ. 0 ಎಂದರೆ ಶಾಲೆಗೆ ಹೋಗಿಲ್ಲ ಎಂದರ್ಥ. ಉತ್ತರವಿಲ್ಲದ ಜಾಗ ಖಾಲಿಯಾಗಿಯೇ ಇರಬೇಕು. ಈ ಒಂದು ತಪ್ಪಿನಿಂದ ಇಡೀ ವಿಶ್ಲೇಷಣೆ ಕೆಟ್ಟ ಪ್ರಬಂಧಗಳು ಸಾಕಷ್ಟಿವೆ.

ಹಂತ 5: ಉದ್ಯೋಗದ ಪ್ರಶ್ನೆ — ಇಲ್ಲಿ ಅವಸರ ಬೇಡ

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ‘ತಂದೆಯ ಉದ್ಯೋಗ: ______’ ಎಂದು ಗೆರೆ ಎಳೆದುಬಿಟ್ಟರೆ ಬರುವ ಉತ್ತರಗಳು ‘ವ್ಯವಸಾಯ’, ‘ಕೂಲಿ’, ‘ಡ್ರೈವರ್’, ‘ಬಿಸಿನೆಸ್’, ‘ಪ್ರೈವೇಟ್’. ಈ ಐದರಿಂದ ಏನೂ ತಿಳಿಯುವುದಿಲ್ಲ. ಸಾರಿಗೆ ನಿಗಮದ ಕಾಯಂ ಚಾಲಕ, ಸ್ವಂತ ಲಾರಿಯ ಮಾಲೀಕ, ದಿನಬಾಡಿಗೆಗೆ ಆಟೋ ಓಡಿಸುವವರು ಮೂವರೂ ಡ್ರೈವರೇ. ಗೂಡಂಗಡಿಯೂ ಬಿಸಿನೆಸ್, ಎಪಿಎಂಸಿಯ ಮಂಡಿಯೂ ಬಿಸಿನೆಸ್. ‘ಅಮ್ಮ ಮನೆಕೆಲಸ ಮಾಡುತ್ತಾರೆ’ ಎಂಬ ಉತ್ತರದಿಂದ ಸ್ವಂತ ಮನೆಯಲ್ಲೋ, ಬೇರೆಯವರ ಮನೆಯಲ್ಲಿ ಸಂಬಳಕ್ಕೋ ಎಂಬುದೇ ಗೊತ್ತಾಗುವುದಿಲ್ಲ.

ಒಂದು ಪ್ರಶ್ನೆಯ ಜಾಗದಲ್ಲಿ ನಾಲ್ಕು ಕೇಳಿ:

1. ಏನು ಕೆಲಸ? (ಉದಾಹರಣೆ: ಗಾರೆ ಕೆಲಸ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ, ಶಾಲಾ ಶಿಕ್ಷಕಿ)
2. ಎಲ್ಲಿ ಮಾಡುತ್ತಾರೆ? ಅಲ್ಲಿ ದಿನವಿಡೀ ಏನು ಮಾಡುತ್ತಾರೆ?
3. ಸ್ವಂತದ್ದೋ, ತಿಂಗಳ ಸಂಬಳವೋ, ದಿನಗೂಲಿಯೋ?
4. ಅವರ ಕೈಕೆಳಗೆ ಸಂಬಳಕ್ಕೆ ಕೆಲಸ ಮಾಡುವವರಿದ್ದಾರೆಯೇ? ಎಷ್ಟು ಜನ?

ಬಂದ ಉತ್ತರಗಳಿಗೆ ಎನ್‌ಸಿಒ 2015ರ ಮೊದಲ ನಾಲ್ಕು ಅಂಕಿಗಳ ಕೋಡ್ ಹಾಕಿ. ಈ ನಾಲ್ಕು ಅಂಕಿಗಳು ಅಂತರರಾಷ್ಟ್ರೀಯ ವರ್ಗೀಕರಣಕ್ಕೆ ಹೊಂದಿಕೊಂಡಿರುವುದರಿಂದ ಮುಂದೆ ಸ್ಥಾನಾಂಕಕ್ಕೆ ಬದಲಿಸಲು ಸುಲಭ. ಕೆಲವು ಉದಾಹರಣೆಗಳು: ಕಟ್ಟಡದ ಕೂಲಿ 9313, ಇಟ್ಟಿಗೆ ಕಟ್ಟುವ ಗಾರೆಯವರು 7112, ಹೊಲಿಗೆ ಯಂತ್ರ ನಡೆಸುವವರು 8153, ಬಸ್ ಚಾಲಕ 8331, ಬೇರೆಯವರ ಹೊಲದಲ್ಲಿ ಕೂಲಿ 9211, ಸ್ವಂತ ಹೊಲದಲ್ಲಿ ಧಾನ್ಯ-ತರಕಾರಿ ಬೆಳೆಯುವವರು 6111, ಬೇರೆಯವರ ಮನೆಯಲ್ಲಿ ಕೆಲಸ 9111, ಪ್ರಾಥಮಿಕ ಶಾಲಾ ಶಿಕ್ಷಕರು 2341.

ಕನಿಷ್ಠ 50 ಉತ್ತರಗಳಿಗೆ ಇಬ್ಬರು ಬೇರೆಬೇರೆಯಾಗಿ ಕೋಡ್ ಹಾಕಿ ಕೊಹೆನ್ ಕಪ್ಪಾ (ಇಬ್ಬರ ಕೋಡ್‌ಗಳು ಎಷ್ಟು ಹೊಂದುತ್ತವೆ ಎಂಬ ಅಳತೆ) ಲೆಕ್ಕ ಹಾಕಿ. 0.6ಕ್ಕಿಂತ ಕಡಿಮೆ ಬಂದರೆ ನಿಯಮಗಳು ಅಸ್ಪಷ್ಟವಾಗಿವೆ ಎಂದರ್ಥ. ಇಬ್ಬರೂ ಕೂತು ಭಿನ್ನವಾದ ಉತ್ತರಗಳನ್ನು ಚರ್ಚಿಸಿ, ತೀರ್ಮಾನವನ್ನು ಕೋಡ್ ಪುಸ್ತಕದಲ್ಲಿ ಬರೆದು, ಹೊಸ 50 ಉತ್ತರಗಳ ಮೇಲೆ ಮತ್ತೆ ನೋಡಿ.

ಕೋಡ್‌ನಿಂದ ಸ್ಥಾನಾಂಕಕ್ಕೆ ಹೋಗಲು ಐಎಸ್‌ಇಐ ಎಂಬ ಪ್ರಕಟಿತ ಪರಿವರ್ತನಾ ಕೋಷ್ಟಕವಿದೆ, ಪಿಸಾ ಬಳಸುವುದೂ ಅದನ್ನೇ. ಆದರೆ ಬೇಸಾಯದ ವಿಷಯದಲ್ಲಿ ಅದು ನಮ್ಮಲ್ಲಿ ಕೈಕೊಡುತ್ತದೆ. ಅದು ನೋಡುವುದು ಕೆಲಸದ ಬಗೆಯನ್ನು ಮಾತ್ರ. ಅರ್ಧ ಎಕರೆಯವರಿಗೂ ಇಪ್ಪತ್ತು ಎಕರೆಯವರಿಗೂ ಒಂದೇ ಅಂಕ. ಆದ್ದರಿಂದ ಗ್ರಾಮೀಣ ಮಾದರಿಯಲ್ಲಿ ಜಮೀನಿನ ಪ್ರಶ್ನೆ ಸೇರಲೇಬೇಕು. ಎಕರೆ-ಗುಂಟೆಯಲ್ಲಿ ಕೇಳಿ (40 ಗುಂಟೆಗೆ ಒಂದು ಎಕರೆ, 2 ಎಕರೆ 20 ಗುಂಟೆಯನ್ನು 2.20 ಎಂದು ಎಕ್ಸೆಲ್‌ಗೆ ಹಾಕಬೇಡಿ, ಅದು 2.5). ಖುಷ್ಕಿ, ನೀರಾವರಿ, ತೋಟ ಮೂರನ್ನೂ ಬೇರೆಬೇರೆಯಾಗಿ ಕೇಳಿ. ಯಾದಗಿರಿಯ ಮಳೆಯಾಶ್ರಿತ ನಾಲ್ಕು ಎಕರೆಗೂ ತೀರ್ಥಹಳ್ಳಿಯ ಅಡಿಕೆ ತೋಟದ ಒಂದು ಎಕರೆಗೂ ಹೋಲಿಕೆಯಿಲ್ಲ. ಮಾದರಿ ಒಂದೇ ತಾಲೂಕಿನದಾದರೆ ಮಾತ್ರ ಎಕರೆ ಲೆಕ್ಕ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಗೃಹಿಣಿಯರಿಗೆ ಸ್ಥಾನಾಂಕವಿಲ್ಲ, ಅವರನ್ನು ‘ನಿರುದ್ಯೋಗಿ’ ಎಂದು ಕನಿಷ್ಠ ಅಂಕಕ್ಕೆ ತಳ್ಳಬಾರದು. ತಂದೆತಾಯಿಯರಲ್ಲಿ ಯಾರದು ಹೆಚ್ಚೋ ಆ ಅಂಕ ತೆಗೆದುಕೊಳ್ಳಿ. ನಿವೃತ್ತರಾದವರಿಗೆ, ಸದ್ಯ ಕೆಲಸ ಕಳೆದುಕೊಂಡವರಿಗೆ ಕೊನೆಯದಾಗಿ ಮಾಡಿದ ಕೆಲಸವನ್ನು ಕೇಳಿ.

ಹಂತ 6: ಮನೆಯ ವಸ್ತುಗಳ ಪಟ್ಟಿ

ಹಳೆಯ ಪ್ರಬಂಧಗಳಿಂದ ಪಟ್ಟಿ ನಕಲು ಮಾಡುವುದೇ ಇಲ್ಲಿನ ದೊಡ್ಡ ತಪ್ಪು. ಸರ್ಕಾರವೇ ಹಂಚಿದ ವಸ್ತು ಬಡವ-ಬಲ್ಲಿದರನ್ನು ಬೇರ್ಪಡಿಸುವುದಿಲ್ಲ. ಎಂಟನೇ ತರಗತಿಯವರಿಗೆ ಶಾಲೆಯಿಂದ ಸೈಕಲ್ ಕೊಡುತ್ತಿದ್ದ ವರ್ಷಗಳಲ್ಲಿ ‘ಸೈಕಲ್ ಇದೆಯೇ’ ಎಂಬುದು ಅಳೆಯುತ್ತಿದ್ದುದು ಮಗು ಓದುವ ಶಾಲೆಯ ಬಗೆಯನ್ನೇ ಹೊರತು ಮನೆಯ ಸ್ಥಿತಿಯನ್ನಲ್ಲ. ಉಜ್ವಲ (2016) ಬಂದ ಮೇಲೆ ಗ್ಯಾಸ್ ಸಂಪರ್ಕ ಬಹುತೇಕ ಎಲ್ಲರಿಗೂ ಇದೆ. ‘ಕಳೆದ ವಾರ ಹೆಚ್ಚು ಅಡುಗೆ ಮಾಡಿದ್ದು ಯಾವುದರಲ್ಲಿ: ಗ್ಯಾಸ್, ಸೌದೆ, ಬೇರೆ’ ಎಂದು ಕೇಳಿದರೆ ವ್ಯತ್ಯಾಸ ಕಾಣುತ್ತದೆ. ಶೌಚಾಲಯ, ನಲ್ಲಿ, ವಿದ್ಯುತ್ ಸಂಪರ್ಕಗಳೂ ಹಾಗೆಯೇ ಮೊನಚು ಕಳೆದುಕೊಂಡಿವೆ. ಗೃಹಜ್ಯೋತಿ (2023) ಬಂದ ಮೇಲೆ ವಿದ್ಯುತ್ ಬಿಲ್ಲಿನ ಮೊತ್ತವೂ ಹೋಯಿತು.

ಇವತ್ತಿಗೆ ಕೆಲಸ ಮಾಡುವ ಪ್ರಶ್ನೆಗಳು: ಫ್ರಿಜ್, ವಾಷಿಂಗ್ ಮೆಷಿನ್, ಯುಪಿಎಸ್, ನೀರು ಶುದ್ಧೀಕರಿಸುವ ಯಂತ್ರ, ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್, ಕಾರು, ಸೋಫಾ, ಓದಲು ಮೇಜು, ಮಗುವಿಗೆ ಸ್ವಂತ ಕೋಣೆ, ದಿನಪತ್ರಿಕೆ. ಸ್ಮಾರ್ಟ್‌ಫೋನ್ ಮತ್ತು ದ್ವಿಚಕ್ರ ವಾಹನ ‘ಇದೆಯೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಎಷ್ಟು: 0, 1, 2, 3 ಅಥವಾ ಹೆಚ್ಚು’ ಎಂದು ಕೇಳಿ. ಅಡುಗೆಮನೆ, ಬಚ್ಚಲು ಬಿಟ್ಟು ಕೋಣೆಗಳೆಷ್ಟು, ಮನೆಯಲ್ಲಿ ಮಲಗುವವರೆಷ್ಟು ಎಂದು ಕೇಳಿ, ಕೋಣೆಯೊಂದಕ್ಕೆ ಎಷ್ಟು ಜನ ಎಂಬುದನ್ನು ನೀವೇ ಲೆಕ್ಕ ಹಾಕಿ. ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕಗಳ ಪ್ರಶ್ನೆಗೆ ಟಿಮ್ಸ್ ಎಂಬ ಅಂತರರಾಷ್ಟ್ರೀಯ ಗಣಿತ-ವಿಜ್ಞಾನ ಸಮೀಕ್ಷೆಯ ಶ್ರೇಣಿಗಳನ್ನು (0–10, 11–25, 26–100, 101–200, 200ಕ್ಕಿಂತ ಹೆಚ್ಚು) ಹಾಗೆಯೇ ತಂದರೆ ಹಳ್ಳಿಯ ಮಕ್ಕಳೆಲ್ಲ ಮೊದಲ ಚೌಕದಲ್ಲೇ ನಿಲ್ಲುತ್ತಾರೆ. ಆ ಮೊದಲ ಶ್ರೇಣಿಯನ್ನೇ ಒಡೆದು 0, 1–5, 6–10 ಮಾಡಿ.

ಊರು ಬದಲಾದರೆ ವಸ್ತುವಿನ ಅರ್ಥವೂ ಬದಲಾಗುತ್ತದೆ. ಏರ್ ಕೂಲರ್ ಕಲಬುರಗಿಯಲ್ಲಿ ಸೂಚಕ, ಮಡಿಕೇರಿಯಲ್ಲಿ ಅಲ್ಲ. ಹೆಂಚಿನ ಮನೆ ಎಂದ ಮಾತ್ರಕ್ಕೆ ದಕ್ಷಿಣ ಕನ್ನಡದಲ್ಲಿ ಬಡತನವಲ್ಲ. ದೊಡ್ಡ ತರವಾಡು (ಹಳೆಯ ಮನೆತನದ) ಮನೆಗಳಿಗೂ ಹೆಂಚೇ. ಕಲಬುರಗಿ ಸೀಮೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಎಲ್ಲರ ಮನೆಯಲ್ಲೂ ಸಿಗುತ್ತದೆ. ಎರಡು ಮೂರು ಜಿಲ್ಲೆಗಳ ಮಾದರಿಯಾದರೆ ಚಾವಣಿ, ನೆಲದ ಪ್ರಶ್ನೆಗಳನ್ನು ಬಿಡುವುದೇ ಕ್ಷೇಮ.

ಮೊರಾರ್ಜಿ ದೇಸಾಯಿ ವಸತಿ ಶಾಲೆ ಅಥವಾ ಬಿಸಿಎಂ ಹಾಸ್ಟೆಲಿನ ಮಕ್ಕಳಿದ್ದರೆ ‘ರಜೆಯಲ್ಲಿ ನೀನು ಹೋಗುವ ನಿಮ್ಮ ಮನೆಯಲ್ಲಿ’ ಎಂದೇ ಪ್ರಶ್ನೆ ಆರಂಭಿಸಿ. ಇಲ್ಲದಿದ್ದರೆ ಹಾಸ್ಟೆಲಿನ ಯುಪಿಎಸ್, ಕಂಪ್ಯೂಟರ್‌ಗಳೆಲ್ಲ ಮನೆಯ ಲೆಕ್ಕಕ್ಕೆ ಸೇರುತ್ತವೆ.

ಹಂತ 7: ಪೂರ್ವಪರೀಕ್ಷೆ

ನಿಮ್ಮ ಮಾದರಿಯಲ್ಲಿ ಇಲ್ಲದ, ಆದರೆ ಅದರಂತೆಯೇ ಇರುವ ಒಂದು ಶಾಲೆಯಲ್ಲಿ 30–40 ಮಕ್ಕಳಿಗೆ ಕೊಟ್ಟು ನೋಡಿ. 20 ನಿಮಿಷ ಮೀರಿದರೆ ಪ್ರಶ್ನೆಗಳನ್ನು ಕಡಿತ ಮಾಡಿ. ಪ್ರತಿ ವಸ್ತುವಿಗೂ ‘ಇದೆ’ ಎಂದವರ ಶೇಕಡಾವಾರು ತೆಗೆದು, ಶೇ. 5ಕ್ಕಿಂತ ಕಡಿಮೆ ಅಥವಾ ಶೇ. 95ಕ್ಕಿಂತ ಹೆಚ್ಚು ಬಂದದ್ದನ್ನು ಕಿತ್ತುಹಾಕಿ. ‘ಗೊತ್ತಿಲ್ಲ’ ಎಂಬುದು ಶೇ. 15 ದಾಟಿದ ಪ್ರಶ್ನೆಯನ್ನು ಮತ್ತೆ ಬರೆಯಿರಿ. ಸಾಧ್ಯವಾದರೆ ಇದೇ ಮಕ್ಕಳ ಪೈಕಿ 15–20 ಪೋಷಕರಿಗೂ ಅದೇ ಪ್ರಶ್ನೆಗಳನ್ನು ಕೇಳಿ ಉತ್ತರ ಹೊಂದುತ್ತವೆಯೇ ನೋಡಿ. ಇಷ್ಟು ಸಣ್ಣ ಗುಂಪಿನಲ್ಲಿ ಕಪ್ಪಾ ಲೆಕ್ಕ ಹಾಕಿ ಫಲವಿಲ್ಲ. ಯಾವ ಪ್ರಶ್ನೆಯಲ್ಲಿ ಮಗುವಿನ ಮಾತಿಗೂ ಪೋಷಕರ ಮಾತಿಗೂ ತಾಳೆಯಿಲ್ಲ ಎಂದು ಕಣ್ಣಾರೆ ನೋಡಿದರೆ ಸಾಕು.

ಹಂತ 8: ತರಗತಿಯಲ್ಲಿ ದತ್ತಾಂಶ ಸಂಗ್ರಹ

‘ಯಾರ ಮನೆಯಲ್ಲಿ ಕಾರಿದೆ, ಕೈ ಎತ್ತಿ’ ಎಂದು ಕೇಳುವುದು ಸಂಶೋಧನೆಯಲ್ಲ, ಮಗುವಿಗೆ ಅವಮಾನ, ದತ್ತಾಂಶವೂ ಕೆಡುತ್ತದೆ. ಒಬ್ಬೊಬ್ಬರಿಗೂ ಪ್ರತ್ಯೇಕ ಹಾಳೆ, ಬೆಂಚಿಗೆ ಇಬ್ಬರಂತೆ ದೂರ ಕೂರಿಸುವುದು, ಪ್ರಶ್ನೆಯನ್ನು ನೀವು ಗಟ್ಟಿಯಾಗಿ ಓದುವುದು, ಉತ್ತರವನ್ನು ಅವರು ಮೌನವಾಗಿ ಬರೆಯುವುದು. ತರಗತಿ ಶಿಕ್ಷಕರು ಬೆಂಚುಗಳ ನಡುವೆ ಓಡಾಡಿ ‘ನಿಮ್ಮಪ್ಪಂದು ಕೂಲಿ ತಾನೇ, ಬರಿ’ ಎನ್ನದಂತೆ ಮೊದಲೇ ವಿನಂತಿಸಿ. ಹಾಳೆಯ ಮೇಲೆ ಹೆಸರು ಬೇಡ, ಕೋಡ್ ಸಂಖ್ಯೆ ಸಾಕು. ಹೆಸರು-ಕೋಡ್ ಪಟ್ಟಿ ಬೇರೆ ಕಡತದಲ್ಲಿ, ನಿಮ್ಮ ಬಳಿ ಮಾತ್ರ ಇರಲಿ.

ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳು, ಅಜ್ಜಿಯ ಮನೆಯಲ್ಲಿದ್ದು ಓದುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ‘ನಿನ್ನನ್ನು ನೋಡಿಕೊಳ್ಳುವವರು’ ಎಂಬ ಆಯ್ಕೆ ಹಾಳೆಯಲ್ಲೇ ಇದ್ದರೆ ಆ ಮಗು ಎದ್ದು ನಿಂತು ಕೇಳಬೇಕಾಗುವುದಿಲ್ಲ.

ಹಂತ 9: ಆಸ್ತಿ ಸೂಚ್ಯಂಕ ಕಟ್ಟುವುದು

ವಸ್ತುಗಳನ್ನು ಸುಮ್ಮನೆ ಎಣಿಸಿದರೆ ದಿನಪತ್ರಿಕೆಗೂ ಕಾರಿಗೂ ಒಂದೇ ಅಂಕ. ಅದಕ್ಕೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಸಂಪತ್ತಿನ ಸೂಚ್ಯಂಕ ಪ್ರಧಾನ ಘಟಕ ವಿಶ್ಲೇಷಣೆಯನ್ನು (ಪಿಸಿಎ) ಬಳಸುತ್ತದೆ. ಇದು ಪ್ರತಿ ವಸ್ತುವಿಗೂ ಬೇರೆಬೇರೆ ತೂಕ ಕೊಟ್ಟು ಉತ್ತರಗಳನ್ನೆಲ್ಲ ಕೆಲವೇ ಅಂಕಗಳಿಗೆ (ಘಟಕಗಳಿಗೆ) ಇಳಿಸುವ ವಿಧಾನ. ಇಲ್ಲೂ ಅದನ್ನೇ ಮಾಡಿ:

1. ಇದೆ/ಇಲ್ಲ ಉತ್ತರಗಳನ್ನು 1/0 ಮಾಡಿ. ಎಣಿಕೆಗಳನ್ನು (ಫೋನ್, ಕೋಣೆಯೊಂದಕ್ಕೆ ಜನ) ಎಣಿಕೆಯಾಗಿಯೇ ಬಿಡಿ.
2. ಖಾಲಿ ಉತ್ತರಗಳನ್ನು ನೋಡಿ. ಮೂರನೇ ಒಂದಕ್ಕಿಂತ ಹೆಚ್ಚು ಖಾಲಿ ಬಿಟ್ಟವರನ್ನು ಈ ಸೂಚ್ಯಂಕದಿಂದ ಕೈಬಿಡಿ.
3. ಪಿಸಿಎ ನಡೆಸಿ, ಮೊದಲ ಘಟಕವನ್ನು (ಮಕ್ಕಳ ನಡುವಿನ ವ್ಯತ್ಯಾಸವನ್ನು ಅತಿ ಹೆಚ್ಚು ವಿವರಿಸುವುದು) ಮಾತ್ರ ಇಟ್ಟುಕೊಳ್ಳಿ. ಬಹುತೇಕ ಉತ್ತರಗಳು 1/0 ಆಗಿದ್ದರೆ ಸಾಮಾನ್ಯ ಸಹಸಂಬಂಧಕ್ಕಿಂತ (ಕೋರಿಲೇಶನ್) ಇಂಥ ಉತ್ತರಗಳಿಗೆಂದೇ ಇರುವ ಪಾಲಿಕೋರಿಕ್ ಸಹಸಂಬಂಧ ಒಳ್ಳೆಯದು.
4. ಭಾರಗಳ (ಪ್ರತಿ ವಸ್ತುವಿಗೆ ಪಿಸಿಎ ಕೊಟ್ಟ ತೂಕಗಳ) ಚಿಹ್ನೆ ನೋಡಿ. ಕಾರು, ಫ್ರಿಜ್ ಧನಾತ್ಮಕವಾಗಿಯೂ ಕೋಣೆಯೊಂದಕ್ಕೆ ಜನ ಋಣಾತ್ಮಕವಾಗಿಯೂ ಇರಬೇಕು. ಎಲ್ಲವೂ ತಿರುವುಮುರುವಾಗಿ ಬಂದರೆ ಅಂಕವನ್ನು −1ರಿಂದ ಗುಣಿಸಿ.
5. ಅಂಕಗಳ ಸ್ತಂಭಚಿತ್ರ ಬಿಡಿಸಿ.

ಮೊದಲ ಘಟಕ ವಿವರಿಸುವ ವ್ಯತ್ಯಾಸ ಕಾಲು ಭಾಗವೂ ಇಲ್ಲದಿದ್ದರೆ ಗಾಬರಿ ಬೇಡ, ಇಂಥ ದತ್ತಾಂಶದಲ್ಲಿ ಅದು ಮಾಮೂಲು. ನಿಜವಾದ ಅಪಾಯದ ಚಿಹ್ನೆಗಳು ಎರಡು. ಸ್ತಂಭಚಿತ್ರದ ಎಡಗಡೆ ಮಕ್ಕಳೆಲ್ಲ ಗುಡ್ಡೆಯಾಗಿ ಬಿದ್ದಿದ್ದರೆ ಬಡವರ ನಡುವಿನ ವ್ಯತ್ಯಾಸ ಹಿಡಿಯುವ ಪ್ರಶ್ನೆಗಳು ಪಟ್ಟಿಯಲ್ಲಿಲ್ಲ. ಎರಡನೆಯದು, ಟ್ರ್ಯಾಕ್ಟರ್, ಪಂಪ್‌ಸೆಟ್, ಹಸು, ಜಮೀನು ಇವಕ್ಕೆ ಋಣಾತ್ಮಕ ಭಾರ ಬರುವುದು. ಪೇಟೆ ಮತ್ತು ಹಳ್ಳಿ ಬೆರೆತ ಮಾದರಿಯಲ್ಲಿ ಮೊದಲ ಘಟಕ ಸಂಪತ್ತನ್ನು ಬಿಟ್ಟು ‘ಪೇಟೆತನ’ವನ್ನು ಅಳೆಯತೊಡಗುತ್ತದೆ, ಅನುಕೂಲಸ್ಥ ರೈತರ ಮಕ್ಕಳು ಕೆಳಗೆ ಜಾರುತ್ತಾರೆ. ಆಗ ಹಳ್ಳಿ, ಪೇಟೆಗಳಿಗೆ ಪಿಸಿಎ ಬೇರೆಬೇರೆ ನಡೆಸಿ, ಎರಡಕ್ಕೂ ಸಾಮಾನ್ಯವಾದ ವಸ್ತುಗಳ ಅಂಕದ ಮೂಲಕ ಜೋಡಿಸಿ. ಇಲ್ಲವೇ ಬೇಸಾಯದ ಆಸ್ತಿಗಳನ್ನು ಪ್ರತ್ಯೇಕ ಚರಾಂಶವಾಗಿ ಇಡಿ. ಮುನ್ನೂರು ನಾನ್ನೂರರ ಮಾದರಿಗೆ ಎರಡನೆಯ ದಾರಿಯೇ ಸರಿ.

ಹಂತ 10: ಮೂರನ್ನೂ ಕೂಡಿಸುವುದು

ಮೂರು ಘಟಕಗಳ ಅಳತೆಯ ಮಾನ ಬೇರೆಬೇರೆ, ನೇರವಾಗಿ ಕೂಡಿಸಲಾಗದು. ಪ್ರತಿಯೊಂದನ್ನೂ ಝಡ್ ಅಂಕಕ್ಕೆ ತನ್ನಿ: ಮಗುವಿನ ಅಂಕದಿಂದ ಸರಾಸರಿ ಕಳೆದು ಪ್ರಮಾಣ ವಿಚಲನೆಯಿಂದ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸಿ. ಉದಾಹರಣೆಗೆ ಒಂದು ಲೆಕ್ಕ: ತಾಯಿ 10, ತಂದೆ 7 ವರ್ಷ ಓದಿದ್ದಾರೆ. ಹೆಚ್ಚಿನದು 10. ಮಾದರಿಯ ಸರಾಸರಿ 8.4, ಪ್ರಮಾಣ ವಿಚಲನೆ 3.6 ಆದರೆ ಶಿಕ್ಷಣದ ಝಡ್ 0.44. ಉದ್ಯೋಗದ ಸ್ಥಾನಾಂಕ 22, ಸರಾಸರಿ 28, ವಿಚಲನೆ 12 ಆದರೆ ಝಡ್ −0.50. ಆಸ್ತಿಯ ಝಡ್ 0.18. ಮೂರರ ಸರಾಸರಿ 0.04. ಎಲ್ಲ ಮಕ್ಕಳ ಈ ಸರಾಸರಿಯನ್ನು ಇನ್ನೊಮ್ಮೆ ಪ್ರಮಾಣೀಕರಿಸಿ, ಏಕೆಂದರೆ ಸರಾಸರಿ ತೆಗೆದಾಗ ವಿಚಲನೆ 1ಕ್ಕಿಂತ ಕಡಿಮೆಯಾಗಿರುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೆ ಉಳಿದೆರಡರ ಆಧಾರದ ಮೇಲೆ ಅದನ್ನು ಅಂದಾಜಿಸಬಹುದು. ಎರಡು ಇಲ್ಲದಿದ್ದರೆ ಆ ಮಗುವಿಗೆ ಸೂಚ್ಯಂಕವೇ ಬೇಡ.

ಇಲ್ಲೊಂದು ಮಾತು ಮಾರ್ಗದರ್ಶಕರ ಕಿವಿಗೂ ಬೀಳಲಿ: ಈ ಸೂಚ್ಯಂಕಕ್ಕೆ ಕ್ರಾನ್‌ಬಾಕ್ ಆಲ್ಫಾ (ಮಾಪನಿಯ ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬ ಅಳತೆ) ಕೇಳುವುದು ಅಸಂಗತ. ಮನೋಭಾವ ಮಾಪನಿಯ ಹೇಳಿಕೆಗಳು ಒಂದೇ ಗುಣದ ಪ್ರತಿಫಲಗಳು, ಆದ್ದರಿಂದ ಪರಸ್ಪರ ಹೊಂದಬೇಕು. ಇಲ್ಲಿ ಓದು, ಕೆಲಸ, ಆಸ್ತಿ ಸೇರಿ ಹಿನ್ನೆಲೆಯಾಗುತ್ತದೆ. ಓದಿದ ಬಡವರೂ ಓದದ ಸಿರಿವಂತರೂ ಇರುವ ಊರಿನಲ್ಲಿ ಆಲ್ಫಾ ಕಡಿಮೆ ಬಂದರೆ ಅದು ಮಾಪನಿಯ ದೋಷವಲ್ಲ.

ಸೂಚ್ಯಂಕ ಸಿದ್ಧವಾದ ಮೇಲೆ ಅದನ್ನು ‘ಮೇಲು, ಮಧ್ಯಮ, ಕೆಳ’ ಎಂದು ಕತ್ತರಿಸುವ ಆತುರ ಬೇಡ. ಕಷ್ಟಪಟ್ಟು ತಂದ ವ್ಯತ್ಯಾಸವನ್ನು ಮತ್ತೆ ಮೂರು ಡಬ್ಬಕ್ಕೆ ತುಂಬಿದಂತಾಗುತ್ತದೆ. ನಿರಂತರ ಚರಾಂಶವಾಗಿಯೇ ಸಹಸಂಬಂಧ, ಹಿಂಚಲನ (ರಿಗ್ರೆಶನ್) ವಿಶ್ಲೇಷಣೆಗಳಿಗೆ ಕೊಡಿ. ಓದುಗರಿಗೆ ಕೋಷ್ಟಕದಲ್ಲಿ ತೋರಿಸಲು ಬೇಕಾದರೆ ಮಾತ್ರ ಐದು ಸಮಭಾಗ ಮಾಡಿ.

ಹಂತ 11: ಮಗುವಿನ ಮಟ್ಟ, ಶಾಲೆಯ ಮಟ್ಟ

ಹಿನ್ನೆಲೆಗೂ ಸಾಧನೆಗೂ ಇರುವ ಸಹಸಂಬಂಧ ಮಗುವಿನ ಮಟ್ಟದಲ್ಲಿ ಸುಮಾರು 0.3, ಶಾಲೆಗಳ ಸರಾಸರಿಯಲ್ಲಿ ನೋಡಿದರೆ ಸುಮಾರು 0.6 ಎಂದು 2005ರಲ್ಲಿ ಸಿರಿನ್ ಎಂಬ ಸಂಶೋಧಕರು ಪ್ರಕಟಿಸಿದ ಸಮಗ್ರ ವಿಶ್ಲೇಷಣೆ (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸುವ ಮೆಟಾ-ಅನಾಲಿಸಿಸ್) ತೋರಿಸಿತು. ಅದು ಮುಖ್ಯವಾಗಿ ಅಮೆರಿಕದ ಅಧ್ಯಯನಗಳದ್ದು, ಆದರೂ ಎಚ್ಚರಿಕೆ ಇಲ್ಲಿಗೂ ಅನ್ವಯ. ಶಾಲೆಯ ಸರಾಸರಿಯಿಂದ ಬಂದ ದೊಡ್ಡ ಸಂಖ್ಯೆಯನ್ನು ‘ಬಡ ಮಗು ಕಡಿಮೆ ಕಲಿಯುತ್ತದೆ’ ಎಂಬ ವಾಕ್ಯಕ್ಕೆ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಹತ್ತಾರು ಶಾಲೆಗಳಿದ್ದರೆ ಬಹುಮಟ್ಟದ ವಿಶ್ಲೇಷಣೆ (ಮಲ್ಟಿಲೆವೆಲ್ ಮಾಡೆಲ್) ಬಳಸಿ: ಮಗುವಿನ ಸೂಚ್ಯಂಕದಿಂದ ಅದರ ಶಾಲೆಯ ಸರಾಸರಿ ಕಳೆದು ಒಂದು ಚರಾಂಶ, ಶಾಲೆಯ ಸರಾಸರಿಯೇ ಇನ್ನೊಂದು ಚರಾಂಶ. ಶಾಲೆಗೆ ಐದಾರೇ ಮಕ್ಕಳಿದ್ದರೆ ಆ ಸರಾಸರಿಯನ್ನು ನಂಬಬೇಡಿ, ಕನಿಷ್ಠ 15–20 ಮಂದಿ ಇರಲಿ.

ಹಂತ 12: ಪ್ರಬಂಧದಲ್ಲಿ ಬರೆಯಬೇಕಾದ್ದು

ವಿಧಾನದ ಅಧ್ಯಾಯದಲ್ಲಿ ‘ಸಂಶೋಧಕರು ತಯಾರಿಸಿದ ಮಾಪನಿ ಬಳಸಲಾಯಿತು’ ಎಂಬ ಒಂದೇ ಸಾಲು ಬರೆದರೆ ಇಷ್ಟೂ ಕೆಲಸ ವ್ಯರ್ಥ. ಉತ್ತರ ಕೊಟ್ಟವರು ಮಗುವೋ ಪೋಷಕರೋ, ಪ್ರತಿ ಪ್ರಶ್ನೆಯಲ್ಲಿ ಖಾಲಿ ಉಳಿದದ್ದು ಶೇಕಡಾ ಎಷ್ಟು, ಕೈಬಿಟ್ಟ ವಸ್ತುಗಳು ಯಾವುವು, ಉದ್ಯೋಗದ ಕೋಡ್‌ನಲ್ಲಿ ಕಪ್ಪಾ ಎಷ್ಟು, ಪಿಸಿಎ ಭಾರಗಳ ಕೋಷ್ಟಕ, ಮೂರು ಘಟಕಗಳ ನಡುವಿನ ಸಹಸಂಬಂಧ ಇವಿಷ್ಟೂ ಇರಲಿ. ಮುಖ್ಯ ಫಲಿತಾಂಶವನ್ನು ಒಟ್ಟು ಸೂಚ್ಯಂಕದೊಂದಿಗೆ ಒಮ್ಮೆ, ಮೂರು ಘಟಕಗಳನ್ನು ಬಿಡಿಬಿಡಿಯಾಗಿ ಹಾಕಿ ಇನ್ನೊಮ್ಮೆ ಕೊಡಿ. ಒಟ್ಟು ಸೂಚ್ಯಂಕದ ಪರಿಣಾಮ ಸಣ್ಣದಾಗಿ ಕಂಡು, ತಾಯಿಯ ಶಿಕ್ಷಣದ್ದು ಮಾತ್ರ ದೊಡ್ಡದಾಗಿ ಎದ್ದು ಬರುವುದುಂಟು. ಅದು ಕಾಣಬೇಕಾದರೆ ತಂದೆಯ ಓದು, ತಾಯಿಯ ಓದು ಎರಡು ಅಂಕಣಗಳೂ ‘ಹೆಚ್ಚಿನದು’ ಎಂಬ ಮೂರನೆಯ ಅಂಕಣದ ಪಕ್ಕದಲ್ಲೇ ಉಳಿದಿರಬೇಕು. ಅಳಿಸಬೇಡಿ.